ಗಾಜಿನ ಮೇಲೆ ಹತ್ತು ಬೆರಳು

ನನ್ನ ತಮ್ಮನ ಹತ್ತಿರ ನಾನೀಗ ಮಾತಾಡಲ್ಲ. ಯಾಕೆ ಅಂತ ಒಂದೇ ಸಲ ಹೇಳ್ತೀನಿ, ಮತ್ತೆ ಮತ್ತೆ ಕೆದಕಬೇಡಿ.

ಇಬ್ಬರೂ ಒಂದೇ ವಿಮಾ ಕಂಪನಿಯಲ್ಲಿದ್ದೆವು. ಅವನು ಖರೀದಿ ವಿಭಾಗ. ನಾನು ವಿಚಾರಣೆ ಕೋಣೆ: ಪರಿಹಾರ ಕೇಳಿ ಬಂದವರು ಹೇಳೋದನ್ನೆಲ್ಲ ಅಲ್ಲಲ್ಲೇ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡೋದು. ಎರಡು ವರ್ಷದಿಂದ ನನ್ನ ಕಣ್ಣು ಮಂಜಾಗ್ತಾ ಬಂದಿತ್ತು. ಮನುಷ್ಯರು ಕಾಣ್ತಾರೆ, ಅಕ್ಷರ ಕಾಣಲ್ಲ. ಡಾಕ್ಟರ ಹತ್ತಿರ ಕರಕೊಂಡು ಹೋಗಿದ್ದ ತಮ್ಮನನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸಕ್ಕೆ ಕುತ್ತು. ಆದರೆ ಟೈಪ್ ಮಾಡೋಕೆ ಕಣ್ಣು ಯಾರಿಗೆ ಬೇಕು ಹೇಳಿ? ತೋರುಬೆರಳಿಡೋ ಎರಡು ಕೀಗಳ ಮೇಲೆ ಸಣ್ಣ ಉಬ್ಬುಗೀರು ಇರುತ್ತೆ. ಅದು ಸಿಕ್ಕಿದರೆ ಸಾಕು, ಉಳಿದದ್ದೆಲ್ಲ ಬೆರಳಿಗೆ ಬಾಯಿಪಾಠ.

ನಮ್ಮ ಮ್ಯಾನೇಜರಿಗೆ ಆಫೀಸಿನವರೆಲ್ಲ ಇಟ್ಟ ಹೆಸರು ಹಗುರಪ್ಪ. ಕುರ್ಚಿಯಿಂದ ಕಡತದವರೆಗೆ ಅವರಿಗೆ ಎಲ್ಲ ಹಗುರ ಇರಬೇಕು. ಲ್ಯಾಪ್‌ಟಾಪ್ ಬದಲು ಟ್ಯಾಬ್ಲೆಟ್ ಸಾಕಾಗುತ್ತಾ, ಒಂದು ವಾರ ಬಳಸಿ ನೋಡು ಅಂತ ತಮ್ಮನಿಗೆ ಕೊಟ್ಟರು. ಅವನು ಅದರಲ್ಲಿ ಮೇಲ್ ಓದಿದ, ಬೆರಳಲ್ಲೇ ಸಹಿ ಹಾಕಿದ, ಮೀಟಿಂಗಿನಲ್ಲಿ ಹಿಡಕೊಂಡು ತಲೆ ಆಡಿಸಿದ. "ದಿನದ ಕೆಲಸಕ್ಕೆ ಧಾರಾಳ ಸಾಕು, ಕೀಬೋರ್ಡ್ ಅನಗತ್ಯ" ಅಂತ ವರದಿ ಬರೆದ. ಅಯ್ಯೋ ಪುಣ್ಯಾತ್ಮ, ಓದಿ ಸಹಿ ಹಾಕೋದು ನಿನ್ನ ದಿನ. ಬರೆಯೋರ ದಿನ ಕೇಳಿದೆಯಾ? ಬಾಯಿಗೆ ಬಂದ ಹಾಗೆ ಬೈದೆ.

"ಅಕ್ಕಾ, ನಿನ್ನ ನೆನಪೇ ಬರಲಿಲ್ಲ ಕಣೇ" ಅಂದ. ಸುಳ್ಳು ಹೇಳಿದ್ದರೂ ಹೊಟ್ಟೆ ಇಷ್ಟು ಉರೀತಿರಲಿಲ್ಲ.

ಸೋಮವಾರ ಲ್ಯಾಪ್‌ಟಾಪ್ ತಗೊಂಡು ಹೋಗಿ ಟ್ಯಾಬ್ಲೆಟ್ ಇಟ್ಟರು. ಕುರುಡಿಯ ಕೈಗೆ ಕನ್ನಡಿ ಕೊಟ್ಟ ಹಾಗಾಯ್ತು. ಗಾಜಿನ ಮೇಲೆ ಬೆರಳು ಎಲ್ಲಿಟ್ಟರೂ ಒಂದೇ ನುಣುಪು. ಮಾತಾಡಿದರೆ ಅದೇ ಬರಕೊಳ್ಳುತ್ತಲ್ಲಮ್ಮ ಅಂದರು ಹಗುರಪ್ಪ. ಮೂರು ಜನ ಒಟ್ಟಿಗೆ ಕೂಗಾಡೋ ಕೋಣೆಯಲ್ಲಿ ಅದೂ ಕೈ ಎತ್ತಿತು. ಅವತ್ತು ಬಂದಿದ್ದವನು ಒಬ್ಬ ಬಡಗಿ, ಗರಗಸಕ್ಕೆ ಹೆಬ್ಬೆರಳು ಕೊಟ್ಟವನು. ಒಂದು ಗಂಟೆ ಹೇಳಿದ. ಹಗುರಪ್ಪ ತೆರೆ ನೋಡಿದರೆ ಒಂದು ಪದವೂ ಪದವಾಗಿರಲಿಲ್ಲ. ಪಾಪ, ಅವನು ಬೆರಳು ಹೋದ ಕಥೆಯನ್ನ ಮೊದಲಿಂದ ಹೇಳಬೇಕಾಯ್ತು. ನಾಚಿಕೆಯಿಂದ ಸತ್ತೆ. "ಹೊಸದಲ್ವಾ ಸಾರ್, ರೂಢಿ ಇಲ್ಲ" ಅಂತ ಹೇಗೋ ತೇಪೆ ಹಾಕಿದೆ.

"ಕೀಬೋರ್ಡ್ ತರಿಸ್ತೀನಿ ಅಕ್ಕಾ" ಅಂದ ತಮ್ಮ. ಆದರೆ ಅನಗತ್ಯ ಅಂತ ಬರೆದವನು ಅವನೇ ಅಲ್ವಾ! ಅನುಕೂಲಕ್ಕೆ ಅಂತ ಅರ್ಜಿ ಹಾಕಿದರೆ ಅವನ ವರದಿ ತೋರಿಸಿಯೇ ವಾಪಸ್ ಕಳಿಸಿದರು. "ಇನ್ನೊಂದು ಹಾಕಿದೀನಿ, ಈ ಸಲ ಗ್ಯಾರಂಟಿ" ಅಂದ. ಏನು ಬರೆದೆ ಅಂತ ನಾನೂ ಕೇಳಲಿಲ್ಲ. ಖರೀದಿಯವರ ಅಭ್ಯಾಸವೇ ಅದು: ಯಾವ ಕಾರಣಕ್ಕೆ ಬೇಗ ಮಂಜೂರಾಗುತ್ತೋ ಅದನ್ನೇ ತುಂಬೋದು.

ಗುರುವಾರ ಕೀಬೋರ್ಡ್ ಬಂತು. ಬೆರಳಿಟ್ಟೆ, ಉಬ್ಬುಗೀರು ಸಿಕ್ಕಿತು. ನಿಜ ಹೇಳ್ತೀನಿ, ಅಳು ಬಂತು. ಮಧ್ಯಾಹ್ನ ಹಗುರಪ್ಪ ಒಂದು ಲಕೋಟೆ ಕೈಗಿಟ್ಟು ಹೊರಟುಹೋದರು. ಸೀದಾ ತಮ್ಮನ ಮೇಜಿಗೆ ಹೋಗಿ "ಓದು" ಅಂದೆ.

ಓದಿದ. ತಿಂಗಳ ಕೊನೆಗೆ ನನ್ನನ್ನ ಕೆಲಸದಿಂದ ಬಿಡಿಸಿದ್ದರು. ಕಾರಣದ ಸಾಲಿಗೆ ಬಂದವನು ನಿಲ್ಲಿಸಿಬಿಟ್ಟ.

"ಓದೋ, ನನಗಂತೂ ಕಾಣಲ್ಲ."

"ಅರ್ಜಿಯಲ್ಲಿ ತಿಳಿಸಿರುವಂತೆ, ಇವರಿಗೆ ಅಕ್ಷರ ಕಾಣಿಸುವುದೇ ಇಲ್ಲವಾದ್ದರಿಂದ..."

ತಾನೇ ಬರೆದ ಸಾಲನ್ನ ನನಗೆ ಪೂರ್ತಿ ಓದಿ ಹೇಳಿದ.