ಇನ್ನಾಸಿಯ ಎದೆಯೆಂಬ ಗೋದಾಮು

ತೂತ್ತುಕುಡಿಯ ಕಡಲಲ್ಲಿ ಶಂಖಕ್ಕೆ ಮುಳುಗುವವನ ಹಗ್ಗವನ್ನು ಅವನ ಹೆಂಡತಿಯ ತಮ್ಮನೇ ಹಿಡಿಯಬೇಕು. ಅಕ್ಕ ವಿಧವೆಯಾಗಬಾರದೆಂದಾದರೂ ಎಚ್ಚರವಾಗಿರುತ್ತಾನೆ ಅನ್ನುವ ಲೆಕ್ಕ. ಹೀಗಾಗಿ ಸೂಸೈ ಪಾಲಿಗೆ ಭಾವ ಇನ್ನಾಸಿಯ ಜೀವದ ಜೊತೆ ಅವನ ಬಾಯಿಯೂ ಬಂದಿತ್ತು.

ಆ ಬಾಯಿ ಬೆಳಗಿನಿಂದ ನಿಂತಿರಲಿಲ್ಲ. ಹಿಂದಿನ ಮುಳುಗಿನಲ್ಲಿ ಇನ್ನಾಸಿಗೆ ಬಂಡೆಯ ಸಂದಿಯಲ್ಲಿ, ಲಕ್ಷಕ್ಕೊಂದು ಸಿಗುವ ಬಲಮುರಿ ಶಂಖ ಕಂಡಿತ್ತು. ಕೈ ಚಾಚುವಷ್ಟರಲ್ಲಿ ಎದೆ ಉರಿದು, ಎಳೆಯೆಂದು ಹಗ್ಗ ಜಗ್ಗಿ, ಬರಿಗೈಯಲ್ಲಿ ಮೇಲೆ ಬಂದಿದ್ದ. ಬಲಮುರಿ ತಂದವನನ್ನು ಊರು ಗೌರವದಿಂದ ಕರೆಯುತ್ತದೆ. ಕಂಡೂ ಬಿಟ್ಟುಬಂದವನನ್ನು ಇನ್ನೂ ಪ್ರೀತಿಯಿಂದ, ಸಾಯುವವರೆಗೂ, ಬೇರೆ ಹೆಸರಿಟ್ಟು ಕರೆಯುತ್ತದೆ.

ಈಗ ಇನ್ನಾಸಿ ದೋಣಿಯ ಅಂಚಿನಲ್ಲಿ ಕೂತು ಒಂದೇ ಸಮನೆ ಏದುತ್ತಿದ್ದ.

"ಇದೇನು ಭಾವ, ಬಿಸಿಲಲ್ಲಿ ಓಡಿದ ನಾಯಿ ಥರ?"

"ಗಾಳಿ ತುಂಬ್ಕೋತಿದೀನೋ. ಹೀಗ್ಮಾಡಿದ್ರೆ ಎದೆ ಉರಿಯೋದೇ ಇಲ್ಲ. ಎಷ್ಟೊತ್ತು ಬೇಕಾದ್ರೂ ಕೆಳಗಿರ್ಬಹುದು."

"ಹೌದೌದು, ನಿಂದು ಎದೆಯಲ್ಲ, ಬಂದರಿನ ಗೋದಾಮು. ಕ್ರಿಸ್ಮಸ್ಸಿಗೆ ಆಡು ಕುಯ್ದಾಗ ನೋಡಿಲ್ವಾ? ಗಂಟಲ ಕೊಳವೆ ಕೊಂಬೆ ಕೊಂಬೆಯಾಗಿ ಒಡೆದು, ತುದೀಲಿ ಸಣ್ಣ ಗುಳ್ಳೆಗಳು. ರಕ್ತ ಬಂದು ಗಾಳಿ ಇಸ್ಕೊಂಡು ಹೋಗೋದು ಅಲ್ಲಿಂದಾನೇ. ಕೆಳಗೊಂದು ಮಾಂಸದ ಪರದೆ. ಅದು ಇಳಿದ್ರೆ ಗಾಳಿ ಒಳಗೆ, ಏರಿದ್ರೆ ಹೊರಗೆ. ಚೀಲ ಒಂದ್ಸಲ ತುಂಬಿದ ಮೇಲೆ ಎಷ್ಟು ಏದಿದ್ರೂ ಅಷ್ಟೇ ಹಿಡಿಯೋದು."

"ಮತ್ತೆ ಎದೆ ಯಾಕೆ ಉರಿಯಲ್ಲ, ಪಂಡಿತರೇ?"

"ಉರಿಯೋದು ಒಳಗೆ ಕೂಡಿದ ಕೆಟ್ಟಗಾಳಿಗೆ. 'ಸಾಕು, ಮೇಲೆ ನಡಿ' ಅಂತ ಕೂಗೋದು ಅದೇ. ನೀನು ಏದಿ ಏದಿ ಅದನ್ನೇ ಮೊದಲು ಓಡಿಸ್ತಿದೀಯ. ಒಳ್ಳೇ ಗಾಳಿ ಮುಗಿಯುತ್ತೆ, ಹೇಳೋರಿರಲ್ಲ. ನಮ್ಮ ಚಿಕ್ಕಪ್ಪನೂ ಹೀಗೇ ಏದಿ ಇಳಿದಿದ್ದ. ಎಳೆದಾಗ ಹೆಣ ಬಂತು, ಮುಖದಲ್ಲಿ ನೆಮ್ಮದಿ."

"ನಿಮ್ಮ ಚಿಕ್ಕಪ್ಪನಿಗೆ ನನ್ನಂಥ ಎದೆ ಇರ್ಲಿಲ್ಲ. ನಾನು ಜಗ್ಗೋಕೆ ಮುಂಚೆ ಎಳೆದ್ಯೋ, ನಿಮ್ಮಕ್ಕನ್ನ ನಿಮ್ಮನೆಗೇ ಅಟ್ತೀನಿ."

"ಅಟ್ಟು. ಮೀನುಸಾರು ಚೆನ್ನಾಗಿ ಮಾಡ್ತಾಳೆ."

ಇನ್ನಾಸಿ ಹಗ್ಗವನ್ನು ಸೊಂಟಕ್ಕೆ ಬಿಗಿದು, ಅದರ ತುದಿಗೆ ಕಟ್ಟಿದ, ತಳಕ್ಕೆಳೆಯುವ ಕಲ್ಲಿನ ಮೇಲೆ ಕಾಲಿಟ್ಟು, ಮೂಗು ಹಿಡಿದು, ಇಳಿದುಹೋದ.

ಹಗ್ಗ ಹಿಡಿದವರು ಹೊತ್ತನ್ನು ಅಳೆಯುವುದು ಮಾತೆ ಮರಿಯಳ ಜಪದಿಂದ. ಸೂಸೈ ಶುರುಮಾಡಿದ. ಜಪದಲ್ಲಿ ಇನ್ನಾಸಿ ಯಾವಾಗಲೂ ಜಗ್ಗುವ ಜಾಗ ಬಂತು, ದಾಟಿತು. ಹಗ್ಗ ಅಲುಗಲಿಲ್ಲ. ಮುಳುಗಿದವನು ಜಗ್ಗದೆಯೇ ಹಗ್ಗ ಎಳೆಯುವವನಷ್ಟು ಅಪ್ರಯೋಜಕ ಈ ಕಡಲಲ್ಲಿಲ್ಲ. ಅವನ ಕೈಗೆ ಮತ್ತೆ ಯಾರೂ ಹಗ್ಗ ಕೊಡುವುದಿಲ್ಲ. ಅಪ್ರಯೋಜಕನಾಗಬೇಕೋ, ಅಕ್ಕ ರೋಸಾರಿಗೆ ಬಿಳಿ ಸೀರೆ ಕೊಡಿಸಬೇಕೋ? ಉಳಿದ ಜಪವನ್ನು ಆಮೇಲೆ ಹೇಳುತ್ತೇನೆಂದು ಮಾತೆಗೆ ಹೇಳಿ ಸೂಸೈ ಎಳೆದ.

ಇನ್ನಾಸಿ ಮೇಲೆ ಬಂದ, ಜೀವನದಲ್ಲಿ ಮೊದಲ ಬಾರಿಗೆ ಮಾತಿಲ್ಲದೆ. ತುಟಿ ನೇರಳೆ ಬಣ್ಣ. ಮುಷ್ಟಿಯಲ್ಲಿ ಪಾಚಿ. ಸೂಸೈ ಅವನನ್ನು ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಆ ಪ್ರಸಿದ್ಧ ಬಾಯಿಗೆ ಬಾಯಿಟ್ಟು ಊದಿದ. ಗೋದಾಮು ಏರಿತು, ಇಳಿಯಿತು. ಮತ್ತೆ ಊದಿದ. ಅಳುತ್ತಲೇ ಊದಿದ.

ಇನ್ನಾಸಿ ಕೆಮ್ಮಿದ. ಬಹಳ ಹೊತ್ತು ಉಸಿರೆಳೆದುಕೊಂಡು ಕಣ್ಣು ಬಿಟ್ಟ.

"ಯಾಕೋ ಎಳೆದೆ? ನಾನು ಜಗ್ಗಿದ್ನಾ? ಇನ್ನೊಂದು ಗೇಣಿತ್ತಷ್ಟೆ!"

"ಎಚ್ಚರ ತಪ್ಪಿತ್ತು ಭಾವ."

"ಸುಳ್ಳು! ಎದೆ ಉರೀಲೇ ಇಲ್ಲ!"

ಇಷ್ಟು ಹೇಳಿ ಎದ್ದು ಕೂತು, ಅಂಚು ಹಿಡಿದುಕೊಂಡು, ಮತ್ತೆ ಏದಲು ಶುರುಮಾಡಿದ.

ಸೂಸೈ ಚೂರಿಯಿಂದ ಹಗ್ಗ ಕೊಯ್ದು ಕಲ್ಲನ್ನು ಸಮುದ್ರಕ್ಕೆ ನೂಕಿದ.

"ಈಗ ಹೋಗು. ಬಲಮುರಿ ಜೊತೆ ಕಲ್ಲನ್ನೂ ತಗೊಂಡು ಬಾ."

ದಡ ಮುಟ್ಟುವವರೆಗೂ ಇನ್ನಾಸಿ ಬೈದ. ಸೂಸೈಯನ್ನು, ಅವನ ಅಜ್ಜಿಯನ್ನು, ಸತ್ತ ಚಿಕ್ಕಪ್ಪನನ್ನು. ಸೂಸೈ ಹುಟ್ಟು ಹಾಕುತ್ತ ಕೇಳಿಸಿಕೊಂಡ. ಒಮ್ಮೆ ಬೈಗುಳ ನಿಂತಿತು. ಸೂಸೈ ಗಾಬರಿಯಾಗಿ ಅವನ ಮುಖ ನೋಡಿದ.

"ನಿಲ್ಲಿಸ್ಬೇಡ ಭಾವ," ಅಂದ. "ನಮ್ಮಪ್ಪ ಬಾಕಿ ಇದಾನೆ."