ಮಫ್ಲರ್ ಕೆಳಗಿನ ಗಂಟು

ಪೀತಮ್‌ಪುರಕ್ಕೆ ಮೆಟ್ರೊ ಬಂದ ವರ್ಷ, ಏಪ್ರಿಲ್ ಬಿಸಿಲಿನಲ್ಲೂ ಐತಪ್ಪ ಮಫ್ಲರ್ ತೆಗೆಯದಿದ್ದಾಗ ಹೆಂಡತಿ ಹರಿಣಾಕ್ಷಿಗೆ ಅನುಮಾನ ಬಂತು. ತಮ್ಮ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಬೆವರಿಳಿಯುತ್ತಿದ್ದರೂ ಅವನು ಅದನ್ನು ಬಿಚ್ಚುತ್ತಿರಲಿಲ್ಲ. ಇನ್ನೊಬ್ಬಳ ಗುರುತು ಮುಚ್ಚಿಡುತ್ತಿದ್ದಾನೆಂದು ಅವಳು ಒಳಗೊಳಗೇ ಕುದಿದಳು.

ಒಂದು ಮಧ್ಯಾಹ್ನ ಅವಳೇ ಮಫ್ಲರ್ ಎಳೆದಳು. ಕಿವಿಯ ಕೆಳಗೆ ನೆಲ್ಲಿಕಾಯಿ ಗಾತ್ರದ ಗಂಟಿತ್ತು. ಅವಳ ಸಿಟ್ಟು ಹೆದರಿಕೆಯಾಯಿತು.

“ಯಾವಾಗಿಂದ ಇದು?”

“ದೀಪಾವಳಿಯಿಂದ. ನೋವೇ ಇಲ್ಲ ಮಾರಾಯ್ತಿ, ತಾನಾಗಿ ಹೋಗ್ತದೆ.”

“ನೋವಿಲ್ಲದೆ ಬೆಳೀತದೆ ಅಂದ್ರೆ ನಂಗೆ ಇನ್ನೂ ಸಂಶಯ. ಚಲೋ, ಆಸ್ಪತ್ರೆಗೆ.”

ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿ, ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸಿದರು. ವಾರದ ಮೇಲೆ ವರದಿ ಬಂತು: ಅದು ಕ್ಯಾನ್ಸರ್ ಅಲ್ಲ, ಗಂಟಿನ ಕ್ಷಯ. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ ಎಂದರು.

ಹೊರಗೆ ಬಂದಮೇಲೆ ಐತಪ್ಪ ತಗ್ಗಿದ ದನಿಯಲ್ಲಿ ಹೇಳಿದ: “ನಂಗೆ ಅದೇ ಹೆದರಿಕೆ ಇತ್ತು. ಗಿರಾಕಿಗಳಿಗೆ ಗೊತ್ತಾದ್ರೆ ನನ್ನ ಕೈಯ ದೋಸೆ ಯಾರು ತಿಂತಾರೆ?”

“ಶ್ವಾಸಕೋಶದಲ್ಲಿ ಏನೂ ಇಲ್ಲ, ಯಾರಿಗೂ ಅಂಟೂದಿಲ್ಲ ಅಂತ ಡಾಕ್ಟರೇ ಹೇಳಿದ್ರಲ್ಲ,” ಎಂದಳು ಹರಿಣಾಕ್ಷಿ.

ಅವನ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಅವಳು ಅಲ್ಲೇ ನೀರಿನ ಬಾಟಲಿ ಕೊಂಡು ಮೊದಲ ಮಾತ್ರೆ ನುಂಗಿಸಿದಳು. ಆಮೇಲೆ ಬಾಯಿ ತೆರೆಸಿ, ನಾಲಿಗೆಯ ಕೆಳಗೂ ನೋಡಿದಳು.