ದೇವಕಮ್ಮನ ಕೈಯಳತೆ

ರಂಗಂಪೇಟೆಯ ದಾವಲಬೀಗೆ ಅರವತ್ತೆಂಟು ದಾಟಿದರೂ ಬಳೆ ಇಡುವಾಗ ಕಣ್ಣು ಮುಚ್ಚಿಕೊಳ್ಳುವ ಚಾಳಿ ಹೋಗಿಲ್ಲ. ಬಣ್ಣ ನೋಡಲಿಕ್ಕೆ ಕಣ್ಣು, ಅಳತೆ ನೋಡಲಿಕ್ಕೆ ಬೆರಳು ಎಂದು ಅವಳ ಅತ್ತೆ ಕಲಿಸಿಹೋಗಿದ್ದಳು. ಕೈ ಹಿಡಿದು, ಐದು ಬೆರಳನ್ನೂ ಒಟ್ಟುಮಾಡಿ, ಹೆಬ್ಬೆರಳ ಬುಡದ ಗೆಣ್ಣನ್ನು ಒಮ್ಮೆ ಒತ್ತಿದರೆ ಮುಗಿಯಿತು. ಇದು ಎರಡೂಕಾಲು, ಇದು ಎರಡೂವರೆ ಎಂದು ಹೇಳಿಬಿಡುತ್ತಾಳೆ. ಈಗಿನ ಫ್ಯಾನ್ಸಿ ಸ್ಟೋರುಗಳಲ್ಲಿ ಅಳತೆಗೆಂದು ಸ್ಟೀಲಿನ ರಿಂಗು ನೇತುಹಾಕಿರುತ್ತಾರಲ್ಲ, ಅದನ್ನು ಕಂಡರೆ ದಾವಲಬೀಗೆ ಮೈಯೆಲ್ಲ ಉರಿ. ರಿಂಗಿಗೆ ಏನು ತಿಳಿಯುತ್ತದೆ, ಮಣ್ಣು?

ಕಳೆದ ಮಾಘದಲ್ಲಿ ಅವಳು ದೇವಾಪುರಕ್ಕೆ ಹೋದದ್ದು ದೇವಕಮ್ಮನ ಸೊಸೆ ಭಾಗ್ಯಳ ಕುಬಸಕ್ಕೆ. ಏಳು ತಿಂಗಳ ಬಸುರಿಗೆ ಹಸಿರು ಬಳೆ ಇಡಬೇಕಿತ್ತು. ಆಟೋದಲ್ಲಿ ಬಳೆಯ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ದಾರಿಯುದ್ದಕ್ಕೂ ಹಳೆಯದೇ ನೆನಪು. ಆಗೆಲ್ಲಿಯ ಆಟೋ! ಮಲಾರವನ್ನು ಹೆಗಲಿಗೇರಿಸಿ ನಸುಕಿಗೆ ಬಿಟ್ಟರೆ ಬಿಸಿಲೇರುವ ಹೊತ್ತಿಗೆ ದೇವಾಪುರ. ಮಲಾರದಲ್ಲಿ ಸಾಲಾಗಿ ಪೋಣಿಸಿದ ಬಳೆಗಳ ಸದ್ದು ಊರ ಅಗಸಿಬಾಗಿಲಲ್ಲಿ ಕೇಳಿದರೆ ಸಾಕು, ಹೆಂಗಸರು ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿಬರುತ್ತಿದ್ದರು. ರೊಟ್ಟಿ ಹೊತ್ತಿದರೆ ಗಂಡಸರು ದಾವಲಬೀಯನ್ನು ಬೈಯುತ್ತಿದ್ದರು. ಬೈದವರೇ ಮೊರದ ತುಂಬ ಜೋಳ ತಂದು ಸುರಿಯುತ್ತಿದ್ದರು. ಆ ಬೈಗುಳವೂ ಈಗ ಬೇಕೆನಿಸುತ್ತದೆ.

ದೇವಕಮ್ಮ ಆ ಊರಿಗೆ ಸೊಸೆಯಾಗಿ ಬಂದಾಗ ಹದಿನಾರು. ತವರು ನೆನೆದು ಅಳುತ್ತ ಕೂತ ಹುಡುಗಿಯ ಕೈ ಹಿಡಿದು, "ಬಳಿ ಇಡಾಕಿ ಅಂದ್ರ ತವರಿನಾಕಿ ಇದ್ದಂಗ. ಅಳೋದಿದ್ರ ನನ್ನ ಮುಂದ ಅತ್ತಬಿಡು, ಅತ್ತಿ ಮುಂದ ಬ್ಯಾಡ" ಅಂದಿದ್ದಳು ದಾವಲಬೀ. ಹುಡುಗಿ ಅಳು ಬಿಟ್ಟು ನಕ್ಕಿತ್ತು. ಆವತ್ತು ಎರಡೂಕಾಲು ಅಳತೆ. ಹತ್ತಿ ಬಿಡಿಸಿ, ಜೋಳ ಕುಟ್ಟಿ, ಮೂರು ಹಡೆದು ಆ ಕೈ ಎರಡೂವರೆಗೆ ಬಂದು ನಿಂತಿತು. ನಲವತ್ತು ವರ್ಷದಲ್ಲಿ ಆ ಕೈಗೆ ಇನ್ನೊಬ್ಬರು ಬಳೆ ಇಟ್ಟಿಲ್ಲ. ಎರಡು ವರ್ಷದ ಹಿಂದೆ ಮಗನ ಮದುವೆಯಲ್ಲೂ ಅದೇ ಎರಡೂವರೆ, ಅದೂ ಸೋಪಿನ ನೊರೆ ಹಚ್ಚಿ ಏರಿಸಿದ್ದು.

ಕುಬಸದ ಮನೆ ಹೆಂಗಸರಿಂದ ತುಂಬಿತ್ತು. ಭಾಗ್ಯಳ ಕೈಗೆ ಬಳೆ ಇಟ್ಟಾಯಿತು, ಬಂದ ಮುತ್ತೈದೆಯರಿಗೂ ಆಯಿತು. ದೇವಕಮ್ಮ ಮಾತ್ರ ಕೂರುವವಳಲ್ಲ. ಒಳಗೆ ಹೊರಗೆ ಓಡಾಡುತ್ತ, ಅವರಿವರಿಗೆ ನೀರು ಕೊಡುವ ನೆವದಲ್ಲಿ ತಾನೇ ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು. ಕುಬಸದ ಉಂಡಿಯ ಹಾಗೆ ಉರುಟಾಗಿದ್ದ ಮುಖದಲ್ಲಿ ಕೆನ್ನೆಯ ಎಲುಬು ಎದ್ದಿತ್ತು.

"ನನಗ ಬ್ಯಾಡ ಬೂಬಮ್ಮ, ಹಳೇವು ಇನ್ನಾ ಗಟ್ಟಿ ಅದಾವ" ಎಂದಳು ದೇವಕಮ್ಮ.

"ಸೊಸಿ ಕುಬಸದಾಗ ಅತ್ತಿ ಹಳೇ ಬಳಿ ಹಾಕ್ಕೊಂಡು ತಿರಗತಾಳೇನು? ಕುಂಡ್ರ ಸುಮ್ಮ" ಎಂದಳು ಊರಿಗೆಲ್ಲ ಬೂಬಮ್ಮನೇ ಆಗಿದ್ದ ದಾವಲಬೀ.

ಹೆಂಗಸರೆಲ್ಲ ಸೇರಿ ಎಳೆದು ಕೂರಿಸಿದರು. ದಾವಲಬೀ ಕೈ ಹಿಡಿದು ಕಣ್ಣು ಮುಚ್ಚಿದಳು. ಬೆರಳಿಗೆ ಮೊದಲು ಸಿಕ್ಕಿದ್ದು ದಾರ. ಹಳೆಯ ಬಳೆಗಳು ಜಾರದಂತೆ ಒಂದಕ್ಕೊಂದು ಸೇರಿಸಿ, ಒಳಗಡೆಯಿಂದ ದಪ್ಪಗೆ ಹಸಿರು ದಾರ ಸುತ್ತಿಕೊಂಡಿದ್ದಳು. ಸೆರಗಿನ ಮರೆಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ದಾವಲಬೀ ಕತ್ತರಿಯಿಂದ ದಾರ ಕತ್ತರಿಸಿದಳು. ಬಳೆಗಳು ಒಂದೂ ಒಡೆಯದೆ, ಸೋಪೂ ಇಲ್ಲದೆ, ತಾವಾಗಿಯೇ ಜಾರಿ ಮಡಿಲಿಗೆ ಬಿದ್ದವು. ಗೆಣ್ಣು ಒತ್ತಿ ನೋಡಿದರೆ ಎರಡೂಕಾಲು. ಹದಿನಾರರ ಹುಡುಗಿಯ ಅಳತೆ.

ದೇವಕಮ್ಮ ಅವಳ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. "ಸುಮ್ಮ ಇಡು ಬೂಬಮ್ಮ. ಈ ಹುಡಿಗಿಗೆ ಹಡದವ್ವ ಇಲ್ಲ. ತೋರಸಾಕ ಹೋದ್ರ ದವಾಖಾನ್ಯಾಗ ಮಲಗಸ್ತಾರ. ಬಾಣಂತನ ಯಾರು ಮಾಡ್ತಾರ? ಕೂಸು ಕೈಗೆ ಬರಲಿ, ಆಮ್ಯಾಲ ನೋಡೂಣು."

ಬಳೆ ಇಡುವ ಹೊತ್ತಿನಲ್ಲಿ ಕೆಟ್ಟ ಮಾತು ಆಡಬಾರದು, ಇದು ಬಳೆಗಾರರ ನೇಮ. ಬಳೆ ಒಡೆದರೂ ಒಡೆಯಿತು ಅನ್ನುವಂತಿಲ್ಲ, ಹೆಚ್ಚಾಯಿತು ಅನ್ನಬೇಕು. ಆ ನೇಮ ಪಾಲಿಸಿಯೇ ದಾವಲಬೀ ಒಮ್ಮೆ ಕೆಟ್ಟಿದ್ದಳು. ಇದೇ ಓಣಿಯ ಎದುರು ಮನೆಯ ಅನ್ನಮ್ಮ, ನಗುನಗುತ್ತ ಕೈ ಚಾಚುತ್ತಿದ್ದವಳು. ಒಂದು ಪಂಚಮಿಗೆ ಅವಳ ಕೈ ಎರಡು ಅಳತೆ ಇಳಿದದ್ದು ಬೆರಳಿಗೆ ಗೊತ್ತಾಯಿತು. ದಾವಲಬೀ ಬಾಯಿಗೆ ಬೀಗ ಹಾಕಿಕೊಂಡು, ಸಣ್ಣ ಬಳೆ ಇಟ್ಟು, ಚೆಂದ ಕಾಣತಾವ ಎಂದು ಹೇಳಿ ಬಂದಿದ್ದಳು. ಮುಂದಿನ ಪಂಚಮಿಗೆ ಅನ್ನಮ್ಮ ಇರಲಿಲ್ಲ. ಇಪ್ಪತ್ತು ವರ್ಷವಾದರೂ ಆ ಬಾಗಿಲನ್ನು ದಾವಲಬೀ ತಲೆತಗ್ಗಿಸಿಯೇ ದಾಟುತ್ತಾಳೆ.

ಅವಳು ಎರಡೂಕಾಲು ಅಳತೆಯ ಡಬ್ಬಿ ತೆಗೆದಳು. ಎಡಗೈಗೆ ಒಂದು, ಬಲಗೈಗೆ ಒಂದು ಬಳೆ ಇಟ್ಟು ಡಬ್ಬಿ ಮುಚ್ಚಿಬಿಟ್ಟಳು.

"ಉಳದವು?" ಎಂದು ಕೇಳಿದಳು ದೇವಕಮ್ಮ.

"ಉಳದವು ನನ್ನ ಕಡಿನೇ ಇರಲಿ. ಸುರಪುರ ದವಾಖಾನಿಗೆ ಹೋಗಿ ತೋರಿಸಿಕೊಂಡು ಬಾ, ಆವತ್ತ ಇಡತೀನಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು? ನಿನ್ನ ಕೈ ನೀನೇ ನೋಡು."

ತುಂಬಿದ ಮನೆಯಲ್ಲಿ, ಸೊಸೆಯ ಕುಬಸದಲ್ಲಿ, ಮುತ್ತೈದೆಗೆ ಒಂಟಿ ಬಳೆ! ದೇವಕಮ್ಮನ ಮುಖ ಕೆಂಪೇರಿತು. "ಶುಭಕಾರ್ಯದಾಗ ಅಪಶಕುನ ಮಾಡಿದಿ. ಇನ್ನ ನನ್ನ ಹೊಸ್ತಿಲ ತುಳೀಬ್ಯಾಡ" ಎಂದಳು. ದಾವಲಬೀ ಡಬ್ಬಿ ಕಟ್ಟಿಕೊಂಡು ಊಟ ಮಾಡದೆ ಎದ್ದಳು. ಆಟೋದಲ್ಲಿ ಊರು ದಾಟುವವರೆಗೆ ತಡೆದುಕೊಂಡು ಆಮೇಲೆ ಅತ್ತಳು. ನಲವತ್ತು ವರ್ಷದ ಮನೆ ತಾನಾಗಿ ಕಳೆದುಕೊಂಡಿದ್ದಳು.

ಮುಂದಿನ ದಿನಗಳಲ್ಲಿ ಅವಳಿಗೆ ಒಂದೇ ಅಂಜಿಕೆ. ಸುರಪುರದ ಸಂತೆಗೆ ಬಂದರೆ ಫ್ಯಾನ್ಸಿ ಸ್ಟೋರಿಗೆ ಹತ್ತು ಹೆಜ್ಜೆ. ದೇವಕಮ್ಮ ಅಲ್ಲಿ ಕೈ ಚಾಚಿದರೆ ಮುಗಿಯಿತು, ಆ ಸ್ಟೀಲಿನ ರಿಂಗು ಅಳತೆ ಹೇಳುತ್ತದೆ, ಕಳೆದ ವರ್ಷ ಎಷ್ಟಿತ್ತು ಎಂದು ಕೇಳುವುದಿಲ್ಲ. ದಾವಲಬೀ ರಂಗಂಪೇಟೆಯ ತನ್ನ ಬಳೆಯಂಗಡಿಯ ಮುಂದೆ ಹೋಗುವ ಪ್ರತಿ ಹೆಂಗಸಿನ ಕೈ ನೋಡುತ್ತ ಕೂರುತ್ತಿದ್ದಳು. ಉಳಿದ ಹತ್ತು ಬಳೆಗಳನ್ನು ಪೇಪರಿನಲ್ಲಿ ಸುತ್ತಿ ಗಲ್ಲಾಪೆಟ್ಟಿಗೆಯಲ್ಲಿಟ್ಟಿದ್ದಳು.

ಇಪ್ಪತ್ತನೆಯ ದಿನ ಭಾಗ್ಯಳ ಫೋನು ಬಂತು.

"ಬೂಬಮ್ಮಾರ, ಅತ್ತಿನ್ನ ದವಾಖಾನಿಗೆ ಕರಕೊಂಡು ಬಂದೇನ್ರಿ. ಬಾವಿ ಕಡಿ ಹೋದ್ರ, ಹೊಲಕ್ಕ ಹೋದ್ರ, ಎಲ್ಲಾರೂ ಒಂಟಿ ಬಳಿ ಯಾಕಂತ ಕೇಳೋರು. ಉತ್ತರ ಕೊಟ್ಟು ಕೊಟ್ಟು ಸಾಕಾಗ್ಯದ ಅವರಿಗೆ. ಪ್ಯಾಟಿಗೆ ಹೋಗಿ ಬ್ಯಾರೆ ಬಳಿ ಇಟಗೋರಿ ಅಂದ್ರ, ಬೂಬಮ್ಮನ ಕೈ ಬಿಟ್ಟು ಬ್ಯಾರೆಯವರ ಕೈಲಿ ಇಟಗೊಳ್ಳಲ್ಲ ಅಂತ ನನ್ನ ಮ್ಯಾಲೇ ಸಿಟ್ಟಾದ್ರು. ಕಡೀಕ ತಾವೇ ನಡಿ ದವಾಖಾನಿಗೆ ಅಂದ್ರು."

"ಡಾಕ್ಟರ ಏನಂದ್ರವ್ವ?"

"ಸಕ್ಕರಿ ಬ್ಯಾನಿ ಅಂದ್ರಿ, ಭಾಳ ಏರ್ಯದ. ಇನ್ನೆರಡು ತಿಂಗಳ ಬಿಟ್ಟಿದ್ರ ಕೈಗೆ ಸಿಗತಿರಲಿಲ್ಲ ಅಂತ ನಮಗೇ ಬೈದ್ರು. ಮಲಗಸೂದೇನೂ ಬ್ಯಾಡಂತ. ಗುಳಗಿ ಕೊಟ್ಟಾರ, ತಿಂಗಳಾ ತಿಂಗಳಾ ಬರ್ರಿ ಅಂದಾರ."

ಯಾವ ಮಲಗುವುದಕ್ಕೆ ಅಂಜಿ ದೇವಕಮ್ಮ ದಾರ ಸುತ್ತಿಕೊಂಡಿದ್ದಳೋ ಅದೇ ಬೇಕಿರಲಿಲ್ಲ. ದಾವಲಬೀ ಫೋನು ಕೆಳಗಿಟ್ಟು ಚಹಾ ಕುಡಿದಳು. ಎಷ್ಟೋ ದಿನದ ಮೇಲೆ ಅದಕ್ಕೊಂದು ರುಚಿ ಇತ್ತು. ಆದರೂ ದೇವಕಮ್ಮ ತಾನಾಗಿ ಮಾತಾಡಲಿಲ್ಲವಲ್ಲ ಎಂಬ ಕೊರಗು ಉಳಿಯಿತು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಆಟೋ ನಿಂತಿತು. ಕೂಸಿಗೆ ಲಸಿಕೆ ಹಾಕಿಸಿಕೊಂಡು ಬಂದಿದ್ದರು. ಭಾಗ್ಯ ಹಿಂದೆ, ಕೂಸನ್ನು ಎದೆಗವಚಿಕೊಂಡ ದೇವಕಮ್ಮ ಮುಂದೆ. ಬಾಣಂತನವನ್ನು ಅವಳೇ ಮಾಡಿದ್ದಳು, ಗುಳಿಗೆ ನುಂಗುತ್ತಲೇ. ಕೂಸನ್ನು ಸೊಸೆಯ ಕೈಗೆ ಕೊಟ್ಟು, ಚಾಪೆಯ ಮೇಲೆ ಕೂತು, ಕೈ ಚಾಚಿದಳು. ಕೈಯಲ್ಲಿ ಅದೇ ಒಂದೊಂದು ಬಳೆ.

ದಾವಲಬೀ ಗಲ್ಲಾಪೆಟ್ಟಿಗೆಯಿಂದ ಪೇಪರಿನ ಕಟ್ಟು ತೆಗೆದಳು. ಆ ಆತುರದಲ್ಲಿ ಅಳತೆ ನೋಡುವುದನ್ನೇ ಮರೆತಳು. ಹಸಿರು ಬಳೆಯೊಂದನ್ನು ಬೆರಳಿಗೇರಿಸಿ ಒತ್ತಿದಳು. ಗೆಣ್ಣಿನ ಹತ್ತಿರ ಬಂದು ನಿಂತಿತು. ಇನ್ನೂ ತುಸು ಒತ್ತಿದ್ದಕ್ಕೆ ಚಟ್ಟನೆ ಎರಡು ಹೋಳಾಯಿತು.

"ಮೆಲ್ಲಕ ಬೂಬಮ್ಮ. ಅದು ಕೈ, ಕಟಗಿ ಅಲ್ಲ" ಎಂದಳು ದೇವಕಮ್ಮ.

ಐವತ್ತು ವರ್ಷದ ಕಸುಬಿನಲ್ಲಿ ಅಳತೆ ತಪ್ಪಿ ಬಳೆ ಹೋದದ್ದು ಇದೇ ಮೊದಲು. ದಾವಲಬೀ ಕಣ್ಣು ಮುಚ್ಚಿ ಗೆಣ್ಣು ಒತ್ತಿದಳು. ಮಾಂಸ ತುಂಬಿತ್ತು, ಬೆಚ್ಚಗಿತ್ತು. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು, ಒರೆಸಿಕೊಳ್ಳಲು ಕೈ ಬಿಡಲಿಲ್ಲ.

"ಹೆಚ್ಚಾತವ್ವ" ಎಂದಳು. "ಈ ಕಟ್ಟಿನಾಗಿನ ಬಳಿ ನಿನಗಿನ್ನ ಬರಂಗಿಲ್ಲ."

ಎರಡೂಕಾಲು ದಾಟಿತ್ತು, ಎರಡೂವರೆಗೆ ಇನ್ನೂ ತುಸು ದೂರವಿತ್ತು. ನಡುವಿನ ಅಳತೆಯ ಹನ್ನೆರಡು ಬಳೆ ಇಟ್ಟು ಮುಗಿಸಿದ ಮೇಲೆ ದಾವಲಬೀ ಸ್ಟೂಲಿನ ಮೇಲೆ ಹತ್ತಿ, ಅಟ್ಟದಲ್ಲಿದ್ದ ಎರಡೂವರೆಯ ಡಬ್ಬಿ ಇಳಿಸಿ, ಧೂಳು ಒರೆಸಿ, ಕೈಗೆ ಸಿಗುವ ಹಾಗೆ ಪಕ್ಕದಲ್ಲಿಟ್ಟುಕೊಂಡಳು.